ಕಲ್ಲಿದ್ದಲಿನ ಎಲೆಗೆ ಅಂಟಿರುವ ಈ ಸುರುಳಿ ನಿಜವಾಗಿಯೂ ಕಡಲ ಹುಳುವಿನ ಮನೆಯೇ?

ಗಣಿಗುಡ್ಡದ ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಆರು ವರ್ಷಗಳಿಂದ ಇದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಭಾನುವಾರದ ಚಟಕ್ಕೆ ಕಲ್ಲು. ನಮ್ಮ ಮನೆಯಿಂದ ಅರ್ಧ ಗಂಟೆ ನಡೆದರೆ ಹಳೆಯ ಕಲ್ಲಿದ್ದಲು ಗಣಿಯವರು ಎಸೆದ ಕಲ್ಲಿನ ಗುಡ್ಡವಿದೆ. ಮಳೆ ಬಂದ ಮರುದಿನ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಬರುವುದಿಲ್ಲ.

ಕಳೆದ ವಾರ ಎರಡು ತುಂಡುಗಳು ಸಿಕ್ಕವು. ಒಂದು ಅಂಗೈಯಗಲದ ಬೂದು ಸುಣ್ಣಕಲ್ಲು, ಅದರ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಬಿಳಿಯ ಸುರುಳಿಗಳು. ಇನ್ನೊಂದು ಕಪ್ಪು ಜೇಡಿಗಲ್ಲು, ಅದರಲ್ಲಿ ಜರಿಗಿಡದಂಥ ಎಲೆಯ ಅಚ್ಚು, ಎಲೆಯ ಮೇಲೆ ಅದೇ ಸುರುಳಿ ಮೂರು. ಇಲ್ಲಿನ ಪ್ರದರ್ಶನಾಲಯವೊಂದರಲ್ಲಿ ಇಂಥದ್ದೇ ಕಲ್ಲಿದೆ. ಅದರ ಚೀಟಿಯಲ್ಲಿ ‘ಸ್ಪೈರಾರ್ಬಿಸ್, ಕಡಲ ಹುಳುವಿನ ಕೊಳವೆ’ ಎಂದಿದೆ. ನನ್ನ ತಲೆಗೆ ಹತ್ತದಿರುವುದು ಇಷ್ಟೇ: ಜೌಗುಕಾಡಿನ ಎಲೆಗೆ ಕಡಲ ಹುಳು ಹೋಗಿ ಅಂಟಿಕೊಂಡದ್ದು ಹೇಗೆ?

ಪಾಠ ಮುಗಿದ ಮೇಷ್ಟ್ರು

ಚೀಟಿ ಸರಿಯಾಗಿಯೇ ಇದೆ. ಬ್ರಿಟನ್ನಿನ ಕಲ್ಲಿದ್ದಲು ಶ್ರೇಣಿಯಲ್ಲಿ ‘ಸ್ಪೈರಾರ್ಬಿಸ್ ಸುಣ್ಣಕಲ್ಲು’ ಎಂಬ ಪದರಗಳಿಗೆ ದೊಡ್ಡ ಹೆಸರಿದೆ. ಸ್ಪೈರಾರ್ಬಿಸ್ ಇವತ್ತಿಗೂ ಬದುಕಿರುವ ಹುಳು. ಕಡಲಪಾಚಿಯ ಎಲೆಗಳ ಮೇಲೆ ಸುಣ್ಣದ ಸುರುಳಿ ಕಟ್ಟಿಕೊಂಡು ಇರುತ್ತದೆ, ಸರ್ಪುಲಿಡ್ ವರ್ಗದ್ದು. ಕಲ್ಲಿದ್ದಲಿನ ಕಾಲದಲ್ಲಿ ಸಮುದ್ರ ಆಗಾಗ ಒಳನುಗ್ಗುತ್ತಿತ್ತು, ಎಲೆಗೆ ಹುಳು ಅಂಟಿದ್ದರೆ ಆ ಪದರಕ್ಕೆ ಉಪ್ಪುನೀರು ಬಂದಿತ್ತು ಎಂದರ್ಥ. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದೇನೆ, ಮಕ್ಕಳು ಇದನ್ನೇ ಬರೆದು ಅಂಕ ತೆಗೆದುಕೊಂಡಿದ್ದಾರೆ.

ತೆಳುಛೇದ

ಮೇಷ್ಟ್ರೇ, ಕ್ಷಮಿಸಿ, ಆ ಅಂಕಗಳನ್ನು ವಾಪಸು ಕೇಳಬೇಕಾಗುತ್ತದೆ!

ಅಲೆಮಾರಿಯವರ ಸುರುಳಿ ಸ್ಪೈರಾರ್ಬಿಸ್ ಅಲ್ಲ, ಹುಳುವೂ ಅಲ್ಲ. ಅದರ ಹೆಸರು ಮೈಕ್ರೊಕೊಂಕಿಡ್. ಸುಮಾರು 45 ಕೋಟಿ ವರ್ಷಗಳ ಹಿಂದೆ, ಆರ್ಡೊವಿಷಿಯನ್ ಯುಗದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡು, ಮಧ್ಯ ಜುರಾಸಿಕ್‌ನ ಬಥೋನಿಯನ್ ಹಂತದಲ್ಲಿ ಅಳಿದುಹೋದ ಗುಂಪು. ನಿಜವಾದ ಸ್ಪೈರಾರ್ಬಿಸ್ ಬಂಧುಗಳು ಪಳೆಯುಳಿಕೆಯಾಗಿ ಸಿಗುವುದು ಜುರಾಸಿಕ್ ಮುಗಿದ ಮೇಲೆ ಬಂದ ಕ್ರಿಟೇಷಿಯಸ್‌ನಿಂದ ಈಚೆಗೆ ಮಾತ್ರ. ಅಂದರೆ ಇವೆರಡೂ ಒಂದನ್ನೊಂದು ನೋಡಿಯೇ ಇಲ್ಲ. ಆಕಾರ ಮಾತ್ರ ಅಚ್ಚು ಹೊಯ್ದಂತೆ ಒಂದೇ. ಸಣ್ಣ ಎಲೆಯ ಮೇಲೆ ಅಂಟಿ ಬದುಕುವ ಕೊಳವೆಗೆ ಸುತ್ತಿಕೊಂಡು ಬೆಳೆಯುವುದು ಅನುಕೂಲ. ಇಬ್ಬರೂ ಬೇರೆಬೇರೆ ಕಾಲದಲ್ಲಿ ಅದೇ ದಾರಿ ಹಿಡಿದರು.

ಈ ಗೊಂದಲದಲ್ಲಿ ಒಂದು ತಮಾಷೆಯಿದೆ. 1839ರಲ್ಲಿ ಭೂವಿಜ್ಞಾನಿ ಮರ್ಚಿಸನ್ ಈ ಕಲ್ಲಿದ್ದಲಿನ ಸುರುಳಿಗೆ ಇಟ್ಟ ಹೆಸರೇ ಮೈಕ್ರೊಕೊಂಕಸ್ ಕಾರ್ಬೊನೇರಿಯಸ್. ಮೈಕ್ರೊಕೊಂಕಸ್ ಎಂದರೆ ಪುಟ್ಟ ಚಿಪ್ಪು. ಆಮೇಲಿನವರು ಅದನ್ನು ಎತ್ತಿ ಬದುಕಿರುವ ಹುಳುವಿನ ಹೆಸರಿನಡಿ ಹಾಕಿದರು. ಒಂದೂವರೆ ಶತಮಾನ ಕಳೆದ ಮೇಲೆ ಹಳೆಯ ಹೆಸರೇ ಮರಳಿ ಬಂತು.

ಮಲ್ಪೆ ಬಂದರು

ನಾನು ಭೂವಿಜ್ಞಾನಿ ಅಲ್ಲ, ದೋಣಿ ದುರಸ್ತಿಯವರ ಮನೆಯವನು. ದೋಣಿಯ ಅಡಿ ಕೆರೆಯುವಾಗ ಬಿಳಿಯ ಸುಣ್ಣದ ಕೊಳವೆಗಳು ಗಟ್ಟಿಯಾಗಿ ಅಂಟಿರುತ್ತವೆ, ಪಚ್ಚಿಲೆ ಚಿಪ್ಪಿನ ಮೇಲೂ ಇರುತ್ತವೆ. ನೀರಿನಲ್ಲಿಟ್ಟರೆ ಬಾಯಿಂದ ಸಣ್ಣ ಗರಿಯಂಥದ್ದು ಹೊರಬರುತ್ತದೆ, ನೆರಳು ಬಿದ್ದರೆ ಸರಕ್ಕನೆ ಒಳಹೋಗುತ್ತದೆ. ಅಲೆಮಾರಿಯವರ ಚಿತ್ರದಲ್ಲಿರುವುದು ನನಗೆ ಅದರ ಮರಿಯಂತೆಯೇ ಕಂಡಿತು. ಹೊರಗಿನಿಂದ ನೋಡಿ ಹೇಳಲಾಗದು ಎಂದರೆ ಹೇಳುವುದಾದರೂ ಹೇಗೆ?

ತೆಳುಛೇದ

ನೀವು ಕಂಡದ್ದು ನಿಜವಾದ ಸರ್ಪುಲಿಡ್ ಹುಳು. ಗೋಡೆಯನ್ನು ಉದ್ದಕ್ಕೆ ಕೊಯ್ದು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇದು ನನ್ನ ಪ್ರೀತಿಯ ವಿಷಯ.

ಸರ್ಪುಲಿಡ್ ಹುಳುವಿನ ಕೊರಳಲ್ಲಿ ಚರ್ಮದ ಒಂದು ಪಟ್ಟಿಯಿದೆ, ಅಂಗಿಯ ಕಾಲರಿನಂತೆ. ಅದರಡಿಯ ಗ್ರಂಥಿಗಳಿಂದ ಸುಣ್ಣ ಸ್ರವಿಸುತ್ತದೆ. ಹುಳು ಕೊಳವೆಯ ಬಾಯಿಗೆ ಬಂದು, ಆ ಕಾಲರನ್ನು ಅಂಚಿನ ಮೇಲೆ ಮಡಿಚಿ, ಒಳಗೂ ಹೊರಗೂ ಮೆತ್ತುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜವನ್ನು ಮನೆಯ ಜಂತೆಯಲ್ಲಿ ನೋಡಿರುತ್ತೀರಿ. ಅದೂ ಹೀಗೆಯೇ, ಅಂಚಿನ ಮೇಲೆ ಅಂಚು. ಪ್ರತಿ ಮೆತ್ತನೆಯೂ ಹಳೆಯ ಅಂಚಿನ ಮೇಲೆ ಸವಾರಿ ಕೂರುವುದರಿಂದ, ಗೋಡೆಯನ್ನು ಉದ್ದಕ್ಕೆ ಸೀಳಿದಾಗ ಒಂದರೊಳಗೊಂದು ಕೂತ ಬಾಣದ ತಲೆಗಳ ಸಾಲು ಕಾಣುತ್ತದೆ, ಮೊನೆ ಕೊಳವೆಯ ಬಾಯಿಯ ಕಡೆಗೆ. ಹೆಣೆದ ಜಡೆಯನ್ನು ನೆನಪಿಸಿಕೊಳ್ಳಿ.

ಮೈಕ್ರೊಕೊಂಕಿಡ್ ಗೋಡೆಯಲ್ಲಿ ಜಡೆಯಿಲ್ಲ, ಅಲ್ಲಿರುವುದು ಚಿರೋಟಿ. ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಅತಿ ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು, ಬಹುಮಟ್ಟಿಗೆ ಗೋಡೆಗೆ ಸಮಾಂತರವಾಗಿ. ಅಂಚಿಗೆ ಮೆತ್ತಿದರೆ ಇಂಥದ್ದು ಆಗುವುದಿಲ್ಲ. ಒಳಗಿನ ಮೃದುದೇಹದ ಹೊದಿಕೆಯೊಂದು ಗೋಡೆಗೆ ತಗುಲಿಕೊಂಡು ಪದರ ಪದರವಾಗಿ ಸ್ರವಿಸಬೇಕು. ಕಟ್ಟಡ ಒಂದೇ ನಮೂನೆ, ಕಟ್ಟಿದ ಗಾರೆಯವರು ಬೇರೆ.

ಇನ್ನೂ ಎರಡು ಗುರುತುಗಳಿವೆ. ಮೈಕ್ರೊಕೊಂಕಿಡ್‌ನ ಸುರುಳಿ ಶುರುವಾಗುವ ತುದಿ ಮುಚ್ಚಿದ ಪುಟ್ಟ ಗುಳ್ಳೆ, ಸರ್ಪುಲಿಡ್‌ನ ಮೊದಲ ಕೊಳವೆಯ ಹಿಂತುದಿ ತೆರೆದದ್ದು. ಜೊತೆಗೆ ಮೈಕ್ರೊಕೊಂಕಿಡ್‌ಗಳು ಬೆಳೆದಂತೆ ಹಿಂದಿನ ಭಾಗವನ್ನು ಅಡ್ಡಗೋಡೆ ಹಾಕಿ ಮುಚ್ಚಿಕೊಂಡು ಬರುವುದುಂಟು. ಅಡ್ಡಗೋಡೆಯೊಂದನ್ನೇ ನಂಬಿ ಕೂರಬಾರದು, ಕೆಲವು ಸರ್ಪುಲಿಡ್‌ಗಳೂ ಅಂಥದ್ದನ್ನು ಕಟ್ಟುತ್ತವೆ. ಗುಳ್ಳೆ, ಹಾಳೆ ಎರಡೂ ಸಿಕ್ಕರೆ ಮಾತ್ರ ನಾನು ಸಹಿ ಹಾಕುತ್ತೇನೆ.

ಪಾಠ ಮುಗಿದ ಮೇಷ್ಟ್ರು

ಚಿರೋಟಿಯ ಹೋಲಿಕೆ ಚೆನ್ನಾಗಿದೆ, ಆದರೆ ಇದನ್ನು ಕಂಡುಹಿಡಿದವರು ಯಾರು, ಯಾವಾಗ? ನಾನು ನಿವೃತ್ತನಾಗುವ ಮೊದಲೋ, ಆಮೇಲೆಯೋ? ಮೊದಲಾದರೆ ನನ್ನ ತಪ್ಪು, ಆಮೇಲಾದರೆ ಅಲ್ಲ. ನನಗೆ ಅಷ್ಟು ಇತ್ಯರ್ಥವಾದರೆ ಸಾಕು.

ತೆಳುಛೇದ

ಇತ್ಯರ್ಥ ನಿಮ್ಮ ಪರವಾಗಿ ಆಗುವುದು ಕಷ್ಟ, ಮೇಷ್ಟ್ರೇ. ಅನುಮಾನ ಶುರುವಾದದ್ದು 1977ರಲ್ಲಿ. ಬರ್ಚೆಟ್ ಮತ್ತು ರೈಡಿಂಗ್ ಎಂಬುವರು ಕಾರ್ಬೊನಿಫೆರಸ್, ಅಂದರೆ ಕಲ್ಲಿದ್ದಲಿನ ಕಾಲದ, ಕಲ್ಲುಗಳ ಕೊಳವೆಗಳನ್ನು ನೋಡಿ, ಇವು ಹುಳುಗಳಲ್ಲ, ಹುಳುವಿನಂತೆ ಬೆಳೆದ ಬಸವನಹುಳುವಿನ ಜಾತಿಯವು ಎಂದರು. ಮುಚ್ಚಿದ ಗುಳ್ಳೆ, ಅಡ್ಡಗೋಡೆ, ಪದರದ ಗೋಡೆ ಎಲ್ಲವೂ ಆ ಕಡೆಗೇ ಕೈ ತೋರಿಸುತ್ತಿದ್ದವು. ಹುಳು ಎಂಬ ಹಳೆಯ ತಪ್ಪನ್ನು ಸರಿಯಾಗಿ ಹಿಡಿದರು, ಹೊಸ ಮನೆ ಮಾತ್ರ ತಪ್ಪಾಗಿ ತೋರಿಸಿದರು. ಆಮೇಲೆ ವೀಡನ್ ಎಂಬ ಸಂಶೋಧಕರು ಬಂದರು. 1990ರಲ್ಲಿ ಆ ‘ಬಸವನಹುಳು’ಗಳ ಗೋಡೆಯನ್ನು ತೆರೆದು ನೋಡಿ, ಇದು ಬಸವನಹುಳುವಿನ ಚಿಪ್ಪಲ್ಲ ಎಂದರು. ಇಂದಿನ ಕೊಳವೆಯಾಕಾರದ ಬಸವನಹುಳುಗಳಲ್ಲಿ ಸುಣ್ಣದ ಇನ್ನೊಂದು ಖನಿಜವಾದ ಅರಗೊನೈಟ್‌ನ ಪಟ್ಟಿಗಳು ಒಂದಕ್ಕೊಂದು ಅಡ್ಡಡ್ಡ ಜೋಡಿಸಿರುತ್ತವೆ, ಪ್ಲೈವುಡ್ಡಿನಂತೆ. ಅದೆಲ್ಲಿ, ಚಿರೋಟಿಯೆಲ್ಲಿ? 1991ರಲ್ಲಿ ಅವರೇ ಮೈಕ್ರೊಕೊಂಕಿಡ ಎಂಬ ಗಣವನ್ನು ಹೆಸರಿಸಿ ಟೆಂಟಾಕ್ಯುಲಿಟ್‌ಗಳ ಬಳಗಕ್ಕೆ ಸೇರಿಸಿದರು. 1994ರಲ್ಲಿ ಜೀವಂತ ಸರ್ಪುಲಿಡ್ ಮತ್ತು ಜುರಾಸಿಕ್ ಸರ್ಪುಲಿಡ್ ಕೊಳವೆಗಳನ್ನು ಪಕ್ಕಪಕ್ಕ ಇಟ್ಟು, ಪೇಲಿಯೋಜೋಯಿಕ್ ‘ಸ್ಪೈರಾರ್ಬಿಸ್’ (ಕಲ್ಲಿದ್ದಲಿನ ಕಾಲವೂ ಸೇರಿದ ಹಳೆಯ ಯುಗಗಳದ್ದು) ಅವುಗಳ ಸಾಲಿಗೆ ಸೇರುವುದಿಲ್ಲವೆಂದು ತೋರಿಸಿದರು. 2006ರಲ್ಲಿ ಲಂಡನ್ನಿನ ಪೌಲ್ ಟೇಲರ್ ಮತ್ತು ಎಸ್ಟೋನಿಯಾದ ಓಲೆವ್ ವಿನ್ ಆ ವಿಷಯವನ್ನು ಭೂವಿಜ್ಞಾನಿಗಳೆಲ್ಲರ ಕಿವಿಗೆ ಬೀಳುವಂತೆ ಬರೆದರು. ಇಷ್ಟಾದರೂ ಚೀಟಿಗಳು ಬದಲಾಗಿಲ್ಲ.

ಪಾಠ ಮುಗಿದ ಮೇಷ್ಟ್ರು

ನಾನು 2004ರಲ್ಲಿ ನಿವೃತ್ತ. ಅರ್ಧ ತಪ್ಪು ಒಪ್ಪಿಕೊಂಡಿದ್ದೇನೆ.

ಎಂ.ಎಸ್ಸಿ. ಮೊದಲ ವರ್ಷ

ಟೆಂಟಾಕ್ಯುಲಿಟ್ ಎಂದರೆ ಪ್ರಯೋಗಾಲಯದಲ್ಲಿ ನಾವು ಚಿತ್ರ ಬರೆಯುವ ಸಣ್ಣ ನೇರ ಶಂಕುವಲ್ಲವೇ, ಉಂಗುರ ಉಂಗುರವಾಗಿ, ಡಿವೋನಿಯನ್ ಕಲ್ಲಿನಲ್ಲಿ ಹುಲ್ಲಿನ ಕಡ್ಡಿ ಚೆಲ್ಲಿದಂತೆ ಬಿದ್ದಿರುತ್ತದಲ್ಲ? ಅದು ಎಲ್ಲಿಗೂ ಅಂಟಿರುವುದಿಲ್ಲ. ಸುರುಳಿಗೂ ಅದಕ್ಕೂ ಯಾವ ಸಂಬಂಧ, ಸರ್?

ತೆಳುಛೇದ

ಹೊರಗಿನಿಂದ ಯಾವ ಸಂಬಂಧವೂ ಇಲ್ಲ, ಒಳಗಿನಿಂದ ಇದೆ. ನಿಮ್ಮ ನೇರ ಶಂಕುವಿನ ಗೋಡೆಯೂ ಹಾಳೆ ಹಾಳೆ. ಎರಡರ ನಡುವೆ ಕಾರ್ನುಲೈಟ್‌ಗಳನ್ನು ಇಡಿ: ಆರ್ಡೊವಿಷಿಯನ್‌ನಿಂದ ಕಾರ್ಬೊನಿಫೆರಸ್‌ವರೆಗೆ ಬದುಕಿದ್ದ, ಚಿಪ್ಪುಗಳ ಮೇಲೆ ಅಂಟಿ ಬೆಳೆಯುತ್ತಿದ್ದ, ಕೊಂಬಿನಾಕಾರದ ಉಂಗುರದ ಕೊಳವೆಗಳು. ಅವುಗಳಲ್ಲೂ ಹಾಳೆ. ಸ್ವೀಡನ್ನಿನ ಗೋಟ್ಲಂಡ್ ದ್ವೀಪದ ಸಿಲೂರಿಯನ್ ಕಾರ್ನುಲೈಟ್‌ಗಳನ್ನೂ ಕೆನಡಾದ ಆಂಟಿಕೋಸ್ಟಿಯ ಆರ್ಡೊವಿಷಿಯನ್ ಕಾರ್ನುಲೈಟ್‌ಗಳನ್ನೂ ವಿನ್ ಮತ್ತು ಮುಟ್ವೈ 2005ರಲ್ಲಿ ವಿವರಿಸಿದ್ದಾರೆ.

ಹಾಳೆಗಳ ನಡುವೆ ಇನ್ನೊಂದು ಸೂಕ್ಷ್ಮವಿದೆ. ಕೆಲವು ಕಡೆ ಗೋಡೆಯಲ್ಲಿ ನಿಜವಾದ ಸೂಜಿರಂಧ್ರಗಳಿರುತ್ತವೆ. ಕೆಲವು ಕಡೆ ರಂಧ್ರವಿಲ್ಲದೆ, ಹಾಳೆಗಳು ಮಾತ್ರ ಒಂದೇ ಜಾಗದಲ್ಲಿ ಶಂಕುವಿನಂತೆ ಬಾಗಿರುತ್ತವೆ, ಕಾಗದದ ಕಟ್ಟಿನ ಮೇಲೆ ಪೆನ್ಸಿಲ್ ಮೊನೆ ಒತ್ತಿದ ಹಾಗೆ. ಇದನ್ನು ಹುಸಿರಂಧ್ರ ಎನ್ನೋಣ. ಇಂಥ ರಂಧ್ರ, ಹುಸಿರಂಧ್ರ ಎರಡೂ ಬ್ರಾಕಿಯೋಪಾಡ್ ಎಂಬ ಜೋಡಿಚಿಪ್ಪಿನ ಕಡಲ ಪ್ರಾಣಿಗಳ ಚಿಪ್ಪುಗಳಲ್ಲಿ ಚಿರಪರಿಚಿತ. ಇಂಗ್ಲೆಂಡ್, ಫ್ರಾನ್ಸ್‌ಗಳ ಜುರಾಸಿಕ್ ಮೈಕ್ರೊಕೊಂಕಿಡ್‌ಗಳಲ್ಲಿ ರಂಧ್ರಗಳು ಎಷ್ಟು ಎದ್ದು ಕಂಡವೆಂದರೆ, 2007ರಲ್ಲಿ ವಿನ್ ಮತ್ತು ಟೇಲರ್ ಆ ಜಾತಿಗೆ ಪಂಕ್ಟಾಕೊಂಕಸ್ ಎಂದೇ ಹೆಸರಿಟ್ಟರು.

ಆದ್ದರಿಂದಲೇ ಇವುಗಳನ್ನು ಲೋಫೋಫೋರ್ ಇರುವ ಪ್ರಾಣಿಗಳ ಹತ್ತಿರ ಕೂರಿಸುತ್ತಾರೆ. ಲೋಫೋಫೋರ್ ಎಂದರೆ ಬಾಯಿಯ ಸುತ್ತ ನೀರು ಸೋಸುವ ಗರಿಗಳ ಕಿರೀಟ. ಬ್ರಾಕಿಯೋಪಾಡ್, ಗುಂಪುಗಟ್ಟಿ ಬೆಳೆಯುವ ಪುಟ್ಟ ಬ್ರಯೋಜೋವ, ಹುಳುವಿನಂಥ ಫೋರೋನಿಡ್‌ಗಳಿಗೆ ಅದಿದೆ.

ಅಡ್ಡಪ್ರಶ್ನೆ

ಇಲ್ಲಿಯವರೆಗೆ ತಲೆಯಾಡಿಸುತ್ತಾ ಓದಿದೆ, ಈ ಕೊನೆಯ ಜಿಗಿತದಲ್ಲಿ ನಿಂತೆ. ಹಾಳೆಯಂಥ ಕ್ಯಾಲ್ಸೈಟ್ ಬ್ರಾಕಿಯೋಪಾಡ್‌ಗಳ ಖಾಸಗಿ ಆಸ್ತಿಯೇನೂ ಅಲ್ಲ, ಸಿಂಪಿಯಲ್ಲೂ ಇದೆ. ಸುರುಳಿ ಎರಡು ಸಲ ಹುಟ್ಟಬಹುದು ಎಂದು ನೀವೇ ಹೇಳಿದಿರಿ. ಹಾಗಾದರೆ ಹಾಳೆ ಎರಡು ಸಲ ಹುಟ್ಟಬಾರದೇಕೆ? ಹೊರ ಆಕಾರ ಮೋಸ ಮಾಡುತ್ತದೆ, ಒಳ ರಚನೆ ಸತ್ಯವಂತ ಎಂಬ ನಂಬಿಕೆ ಎಲ್ಲಿಂದ ಬಂತು?

ಇನ್ನೊಂದು. ಸರ್ಪುಲಿಡ್ ಕೊಳವೆ ಬರೀ ಮೆತ್ತಿದ ಗಾರೆ ಎಂಬಂತೆ ಬರೆದಿದ್ದೀರಿ. ಜೀವಂತ ಸರ್ಪುಲಿಡ್‌ಗಳ ಕೊಳವೆಯಲ್ಲಿ ಅಡ್ಡಾದಿಡ್ಡಿ ಹರಳುಗಳು ಹೆಚ್ಚು, ನಿಜ. ಆದರೆ ಅಚ್ಚುಕಟ್ಟಾಗಿ ದಿಕ್ಕು ಹಿಡಿದು ಜೋಡಿಸಿದ ನಾರುಗಳೂ ಕೆಲವು ಜಾತಿಗಳಲ್ಲಿ ಸಿಕ್ಕಿವೆ. 2008ರಲ್ಲಿ ಅದನ್ನು ವಿವರವಾಗಿ ತೋರಿಸಿದವರ ಸಾಲಿನಲ್ಲಿ ನಿಮ್ಮ ವಿನ್ ಅವರೇ ಇದ್ದಾರೆ. ಗಾರೆ ಮೆತ್ತಿ ಅಂಥ ಶಿಸ್ತು ಬರುವುದಿಲ್ಲ.

ತೆಳುಛೇದ

ಗಾರೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ, ಅರ್ಧ. ಶಿಸ್ತಿನ ನಾರುಗಳಿರುವ ಜಾತಿಗಳಲ್ಲೂ ಗೋಡೆ ಬೆಳೆಯುವುದು ಅಂಚಿನಲ್ಲೇ, ಬಾಣದ ತಲೆಯ ಬೆಳವಣಿಗೆ ರೇಖೆಗಳು ಅಲ್ಲೂ ಇರುತ್ತವೆ. ಹರಳು ಹೇಗೆ ಜೋಡಿಸಿದೆ ಎಂಬುದು ಒಂದು ಪ್ರಶ್ನೆ, ಪದರ ಎಲ್ಲಿ ಬೀಳುತ್ತದೆ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿ ಬರೆದದ್ದು ನನ್ನ ಅವಸರ.

ಮೊದಲ ಪ್ರಶ್ನೆ ನ್ಯಾಯವಾದದ್ದು. ‘ಇದು ಹುಳು ಅಲ್ಲ’ ಎಂಬ ಮಾತನ್ನು ಗೋಡೆ ಗಟ್ಟಿಯಾಗಿ ಹೇಳುತ್ತದೆ. ‘ಹಾಗಾದರೆ ಏನು?’ ಎಂದರೆ ದನಿ ತಗ್ಗಿಸುತ್ತದೆ. ಹಾಳೆಯ ಜೊತೆ ರಂಧ್ರ, ಹುಸಿರಂಧ್ರ, ಮುಚ್ಚಿದ ಗುಳ್ಳೆ ಎಲ್ಲವನ್ನೂ ಸೇರಿಸಿ ತೂಗಿದರೆ ತಕ್ಕಡಿ ಲೋಫೋಫೋರ್ ಕಡೆ ವಾಲುತ್ತದೆ ಎಂಬುದಷ್ಟೇ ನನ್ನ ವಾದ. ಇದಕ್ಕೆ ಬೇರೆ ದಿಕ್ಕಿನಿಂದ ಬಂದ ಒಂದು ಸಾಕ್ಷಿಯೂ ಇದೆ. ಟೆಕ್ಸಾಸಿನ ಪರ್ಮಿಯನ್ ಕಲ್ಲಿನಿಂದ 2011ರಲ್ಲಿ ಹೆಲಿಕೊಕೊಂಕಸ್ ಎಂಬ ಮೈಕ್ರೊಕೊಂಕಿಡ್ ವರದಿಯಾಯಿತು. ಅದರ ಕೊಳವೆಗಳು ಉದ್ದಕ್ಕೆ ಎದ್ದು, ಕವಲೊಡೆದು, ಮೊಗ್ಗು ಬಿಟ್ಟಂತೆ ಹೊಸ ಕೊಳವೆಗಳನ್ನು ಹುಟ್ಟಿಸುತ್ತಿದ್ದವು. ಬ್ರಯೋಜೋವಗಳ ಮನೆತನದಲ್ಲಿ ಅದು ದಿನನಿತ್ಯದ ವ್ಯವಹಾರ. ಆದರೆ ಕೆಲವು ಸರ್ಪುಲಿಡ್‌ಗಳೂ ದೇಹ ತುಂಡರಿಸಿ ವಂಶ ಬೆಳೆಸುತ್ತವೆ ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ಅಡ್ಡಪ್ರಶ್ನೆ

ಹೇಳಲು ಹೊರಟಿದ್ದೆ. ಆದರೂ ಕ್ಲೌಡಿನದ ಉದಾಹರಣೆ ನಿಮ್ಮ ತಕ್ಕಡಿಯನ್ನು ಅಲ್ಲಾಡಿಸಬೇಕು. 55 ಕೋಟಿ ವರ್ಷಗಳ ಹಿಂದಿನ, ಲೋಟದೊಳಗೆ ಲೋಟ ಇಟ್ಟಂತಿರುವ ಸುಣ್ಣದ ಕೊಳವೆ, 1972ರಲ್ಲಿ ನಮೀಬಿಯಾದ ಕಲ್ಲಿನಿಂದ ಹೆಸರಾದದ್ದು. ಗೋಡೆ, ಬೆಳವಣಿಗೆ ನೋಡಿದವರು 2012ರಲ್ಲಿ ಇದು ಅನೆಲಿಡ್ ಹುಳುವಿಗೆ (ಎರೆಹುಳು, ಸರ್ಪುಲಿಡ್‌ಗಳ ಬಳಗ) ಹೊಂದುವುದಿಲ್ಲ ಎಂದರು. 2020ರಲ್ಲಿ ನೆವಾಡಾದಲ್ಲಿ ಅದೇ ಬಗೆಯ ಕೊಳವೆಗಳೊಳಗೆ ಕರುಳಿನ ಅಚ್ಚು ಸಿಕ್ಕಿತು, ಈ ತುದಿಯಿಂದ ಆ ತುದಿಗೆ. ನೋಡಿದವರು ಹುಳುವಿನಂಥ ಪ್ರಾಣಿ ಎಂದೇ ಓದಿದರು. ಗೋಡೆ ಒಂದು ಹೇಳಿತು, ಹೊಟ್ಟೆ ಇನ್ನೊಂದು ಹೇಳಿತು.

ತೆಳುಛೇದ

ಉದ್ದನೆಯ ಕರುಳಿದ್ದವೆಲ್ಲ ಅನೆಲಿಡ್ ಆಗಬೇಕಿಲ್ಲ. ಆದರೆ ಮೈಕ್ರೊಕೊಂಕಿಡ್‌ನೊಳಗೆ ಹಾಗೊಂದು ಗರಿಗಳ ಅಚ್ಚು ಸಿಕ್ಕರೆ ನಾನು ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸಿ ಅದನ್ನೇ ನೋಡಲು ಓಡುತ್ತೇನೆ.

ಗಣಿಗುಡ್ಡದ ಅಲೆಮಾರಿ

ನನ್ನ ಎಲೆಯ ಪ್ರಶ್ನೆ ನಡುವೆ ಕಳೆದುಹೋಯಿತು, ದೊಡ್ಡವರೇ!

ತೆಳುಛೇದ

ಕಳೆದಿಲ್ಲ, ಅಲ್ಲಿಗೇ ಬರುತ್ತಿದ್ದೆ. ಮೇಷ್ಟ್ರು ಮೊದಲ ದಿನ ಹೇಳಿದ ತರ್ಕವನ್ನು ನೋಡಿ: ಸುರುಳಿ ಇದೆ, ಸುರುಳಿ ಸ್ಪೈರಾರ್ಬಿಸ್, ಸ್ಪೈರಾರ್ಬಿಸ್ ಕಡಲಿನದು, ಆದ್ದರಿಂದ ಇಲ್ಲಿ ಕಡಲಿತ್ತು. ಎರಡನೆಯ ಕೊಂಡಿ ಕಳಚಿದರೆ ಕಡಲೂ ಹೋಯಿತು. ಟೇಲರ್ ಮತ್ತು ವಿನ್ ಬರೆದ ಲೇಖನದ ತೂಕ ಇರುವುದು ಇಲ್ಲಿ. ಇಂದಿನ ಸ್ಪೈರಾರ್ಬಿಸ್ ಎಲ್ಲಿ ಬದುಕುತ್ತದೆ ಎಂಬುದನ್ನು ಹಿಡಿದು ಸತ್ತುಹೋದ ಬೇರೊಂದು ಗುಂಪಿನ ವಿಳಾಸ ಬರೆಯುವಂತಿಲ್ಲ. ಡಿವೋನಿಯನ್‌ನಿಂದ ಟ್ರಯಾಸಿಕ್‌ವರೆಗೆ ಮೈಕ್ರೊಕೊಂಕಿಡ್‌ಗಳು ಕಡಲಿನ ಕಲ್ಲುಗಳ ಜೊತೆಗೆ ಚೌಳುನೀರು, ಸಿಹಿನೀರಿನ ಕಲ್ಲುಗಳಲ್ಲೂ ಸಿಗುತ್ತವೆ. ಅಮೆರಿಕದ ವ್ಯೋಮಿಂಗ್‌ನಲ್ಲಿ ಡಿವೋನಿಯನ್ ಯುಗದ ಮೊದಲ ಭಾಗದ ನೆಲಗಿಡಗಳ ಮೇಲೇ ಅಂಟಿದವು ಸಿಕ್ಕಿವೆ. ಕೆನಡಾದ ಜಾಗಿನ್ಸ್ ಬಂಡೆಗಳ ಕಲ್ಲಿದ್ದಲು ಗಿಡಗಳ ಮೇಲೂ ಇವೆ. ನಿಮ್ಮ ಎಲೆ ಕೊಳಕ್ಕೆ ಬಿದ್ದು ತೇಲುತ್ತಿದ್ದಾಗಲೋ ತಳ ಸೇರಿದ ಮೇಲೋ ಮರಿಗಳು ಬಂದು ಕೂತಿರಬೇಕು.

ಅಡ್ಡಪ್ರಶ್ನೆ

ಇದನ್ನು ಒಪ್ಪದವರೂ ಇದ್ದಾರೆ ಎಂದು ಅಲೆಮಾರಿಯವರಿಗೆ ತಿಳಿದಿರಲಿ. 2015ರ ಒಂದು ದೀರ್ಘ ವಿಮರ್ಶಾ ಲೇಖನದ ವಾದ ಹೀಗಿದೆ: ಮೈಕ್ರೊಕೊಂಕಿಡ್‌ಗಳು ಕಡಲಿನವೇ, ಉಬ್ಬರ, ಬಿರುಗಾಳಿಗಳು ಅವುಗಳ ಮರಿಗಳನ್ನು ಅಳಿವೆಯ ಮೂಲಕ ಮೇಲಕ್ಕೆ ತಂದವು. ಹಾಗಾದರೆ ಮೇಷ್ಟ್ರ ಉಪ್ಪುನೀರು ಹಿಂಬಾಗಿಲಿನಿಂದ ವಾಪಸು ಬರುತ್ತದೆ.

ಪಾಠ ಮುಗಿದ ಮೇಷ್ಟ್ರು

ಅಡ್ಡಪ್ರಶ್ನೆಯವರೇ, ನಿಮಗೆ ನನ್ನ ಕಡೆಯಿಂದ ಒಂದು ಕಾಫಿ.

ಮಲ್ಪೆ ಬಂದರು

ಇಲ್ಲಿ ಹೊಳೆಯೂ ಕಡಲೂ ಸೇರುವ ಅಳಿವೆಯಲ್ಲಿ ಮಳೆಗಾಲಕ್ಕೆ ನೀರು ಸಪ್ಪೆ, ಬೇಸಿಗೆಗೆ ಉಪ್ಪು. ಒಂದೇ ಕಲ್ಲಿನ ಮೇಲೆ ಆರು ತಿಂಗಳಿಗೊಂದು ಸಂಸಾರ. ಆ ಕಾಲದ ಜೌಗಿನಲ್ಲೂ ಹಾಗೆ ಇದ್ದಿರಬಾರದೇ? ಅದಿರಲಿ, ನಮ್ಮ ಕರ್ನಾಟಕದಲ್ಲಿ ಈ ಹಳೆಯ ಸುರುಳಿ ಎಲ್ಲಾದರೂ ಸಿಗುತ್ತದೆಯೇ?

ಪಾಠ ಮುಗಿದ ಮೇಷ್ಟ್ರು

ಬಾದಾಮಿಯ ಮರಳುಗಲ್ಲನ್ನು ಕೆರೆಯಲು ಹೊರಡಬೇಡಿ. ಕಲಾದಗಿ, ಭೀಮಾ ಕೊಳ್ಳಗಳ ಕಲ್ಲು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುಂಚಿನದು, ಉಳಿದ ನೆಲ ಬಹುಪಾಲು ಅದಕ್ಕಿಂತ ಹಳೆಯ ಕಣಶಿಲೆ. ನಮ್ಮ ಪಾಲಿಗೆ ದೋಣಿಯ ಅಡಿಯ ಸರ್ಪುಲಿಡ್ಡೇ ಗತಿ.

ಎಂ.ಎಸ್ಸಿ. ಮೊದಲ ವರ್ಷ

ಅಷ್ಟು ಹಳೆಯ ಕಲ್ಲಿನಲ್ಲಿ ಹಾಳೆಗಳು ಉಳಿದದ್ದು ಹೇಗೆ? ಬೆಳಕು ಹಾಯುವಷ್ಟು ತೆಳುವಾಗಿ ಕಲ್ಲನ್ನು ಕೊಯ್ದು ಮಾಡಿದ ನಮ್ಮ ತೆಳುಛೇದಗಳಲ್ಲಿ ಚಿಪ್ಪಿನ ಜಾಗದಲ್ಲಿ ಬರೀ ದಪ್ಪ ಹರಳುಗಳು ಕಾಣುತ್ತವೆ.

ತೆಳುಛೇದ

ನಿಮ್ಮದು ಬಹುಶಃ ಅರಗೊನೈಟ್ ಚಿಪ್ಪಾಗಿತ್ತು. ಅರಗೊನೈಟ್ ಕಾಲಕ್ರಮದಲ್ಲಿ ಕರಗಿ, ಅದರ ಜಾಗದಲ್ಲಿ ಕ್ಯಾಲ್ಸೈಟ್ ಹರಳುಗಟ್ಟುತ್ತದೆ, ಮೂಲ ನೇಯ್ಗೆ ಅಳಿಸಿಹೋಗುತ್ತದೆ. ಮೈಕ್ರೊಕೊಂಕಿಡ್‌ಗಳು ಮೊದಲಿನಿಂದಲೂ ಕ್ಯಾಲ್ಸೈಟ್, ಅದೃಷ್ಟ ನಮ್ಮದು. 25.2 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದ ನಂತರದ ಟ್ರಯಾಸಿಕ್ ಕಲ್ಲುಗಳಲ್ಲಿ, ದಕ್ಷಿಣ ಚೀನಾದಲ್ಲೂ ಪಶ್ಚಿಮ ಅಮೆರಿಕದಲ್ಲೂ, ಮಿಕ್ಕವರೆಲ್ಲ ಸತ್ತ ಊರಿನಲ್ಲಿ ಇವು ಹಿಂಡುಗಟ್ಟಿ ಬದುಕಿದ್ದು ಗೊತ್ತಾಗಿದೆ. ಸರ್ಪುಲಿಡ್‌ಗಳಲ್ಲಿ ಅರಗೊನೈಟ್, ಕ್ಯಾಲ್ಸೈಟ್, ಎರಡರ ಮಿಶ್ರಣ ಮೂರೂ ಉಂಟು. ಹಾಗಾಗಿ ಹಾಳೆ ಕಾಣಲಿಲ್ಲ ಎಂಬುದರಿಂದ ಏನನ್ನೂ ಸಾಧಿಸಲಾಗದು, ಕಂಡರೆ ಮಾತ್ರ ಸಾಕ್ಷಿ.

ಅಲೆಮಾರಿಯವರೇ, ನಿಮಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಿಲ್ಲ. ಸುಣ್ಣಕಲ್ಲಿನ ತುಂಡನ್ನು ಕೊಯ್ಯಿಸಿ, ಕಾರ್ಬೊರಂಡಂ ಪುಡಿಯಲ್ಲಿ ನುಣ್ಣಗೆ ತಿಕ್ಕಿ, ತೀರಾ ತೆಳುವಾದ ಆಮ್ಲದಲ್ಲಿ ಕೆಲವು ಸೆಕೆಂಡು ಅದ್ದಿ ತೊಳೆಯಿರಿ. ಒಣಗಿದ ಮೇಲೆ ಅಸಿಟೋನ್ ಹರಿಸಿ ಅಸಿಟೇಟ್ ಹಾಳೆ ಹಾಸಿ, ಆರಿದ ನಂತರ ನಿಧಾನಕ್ಕೆ ಸುಲಿಯಿರಿ. ಗೋಡೆಯ ನಕಲು ಹಾಳೆಗೆ ಇಳಿದಿರುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಒಲೆ ಹತ್ತಿರವಿರಬಾರದು. ಎಲೆಯ ಕಲ್ಲನ್ನು ಮಾತ್ರ ಮುಟ್ಟಬೇಡಿ.

ಗಣಿಗುಡ್ಡದ ಅಲೆಮಾರಿ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊದಲ ಪ್ರಯತ್ನ ಪೂರ್ತಿ ಹಾಳು. ಹಳೆಯ ಪ್ರೊಜೆಕ್ಟರ್ ಹಾಳೆ ಬಳಸಿದ್ದೆ, ಅದು ಅಸಿಟೋನಿಗೆ ಜಗ್ಗಲೇ ಇಲ್ಲ. ಆಮೇಲೆ ತಿಳಿಯಿತು, ಅದು ಅಸಿಟೇಟ್ ಅಲ್ಲ, ಪಾಲಿಯೆಸ್ಟರ್. ಸರಿಯಾದ ಹಾಳೆ ತರಿಸಿ ಮತ್ತೆ ಮಾಡಿದೆ. ಐದು ಸುರುಳಿಗಳಲ್ಲಿ ಮೂರರಲ್ಲಿ ಹಾಳೆಗಳು ಸ್ಪಷ್ಟವಾಗಿವೆ, ಹೆಂಡತಿಯೂ ನೋಡಿ ಚಿರೋಟಿ ಎಂದೇ ಹೇಳಿದಳು. ಒಂದು ಮಸುಕು. ಐದನೆಯದರಲ್ಲಿ ನಿದ್ದೆ ಕೆಟ್ಟಿದೆ: ಒಂದು ಕಡೆ ಬಾಣದ ತಲೆಯಂಥದ್ದು ಕಾಣುತ್ತಿದೆ. ಚಿತ್ರ ಹಾಕಿದ್ದೇನೆ. ಒಂದೇ ಕಲ್ಲಿನಲ್ಲಿ ಹುಳುವೂ ಇರಬಹುದೇ?

ತೆಳುಛೇದ

ಚಿತ್ರದಲ್ಲಿ ಆ ಬಾಣ ಹೊರಮೈಯ ಉಬ್ಬೊಂದರ ನೇರ ಕೆಳಗಿದೆ. ಕೊಳವೆಯ ಮೇಲೆ ಅಡ್ಡ ಏಣು ಇದ್ದರೆ ಅದರಡಿಯ ಹಾಳೆಗಳೂ ಜೊತೆಗೆ ಬಾಗುತ್ತವೆ, ಓರೆಯಾಗಿ ಕೊಯ್ದಾಗ ಅದು ಇನ್ನೂ ಮೊನಚಾಗಿ ಕಾಣುತ್ತದೆ. ಹುಳುವಿನದಾದರೆ ಬಾಣಗಳು ಗೋಡೆಯುದ್ದಕ್ಕೂ ಸಾಲಾಗಿ ಬರಬೇಕು, ಎದುರು ಗೋಡೆಯಲ್ಲೂ ಇರಬೇಕು. ಅದೇ ಮುಖವನ್ನು ಕೂದಲೆಳೆಯಷ್ಟು ತಿಕ್ಕಿ ಇನ್ನೊಮ್ಮೆ ಸುಲಿಯಿರಿ.

ಗಣಿಗುಡ್ಡದ ಅಲೆಮಾರಿ

ತಿಕ್ಕಿದೆ, ಸುಲಿದೆ. ಬಾಣ ಹೋಗಿ ಹಾಳೆಗಳು ನೇರವಾದವು. ಅಷ್ಟೇ ಅಲ್ಲ, ಸುರುಳಿಯ ನಟ್ಟನಡುವೆ ಮುಚ್ಚಿದ ಗುಳ್ಳೆಯೂ ತೆರೆದುಕೊಂಡಿದೆ, ಒಳಗೆ ಹೊಳೆಯುವ ಹರಳು ತುಂಬಿದೆ. ತೆಳುಛೇದ ಅವರೇ, ಈಗ ಸಹಿ ಹಾಕುತ್ತೀರಾ?

ತೆಳುಛೇದ

ಹಾಕಿದೆ.

ಪಾಠ ಮುಗಿದ ಮೇಷ್ಟ್ರು

ಆ ಚಿತ್ರದ ದೊಡ್ಡ ಪ್ರತಿಯನ್ನು ನನಗೆ ಕಳುಹಿಸಿ. ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಸ್ಪೈರಾರ್ಬಿಸ್ ಎಂದು ಬರೆದ ಪುಟವಿದೆ, ಅಲ್ಲೇ ಅಂಟಿಸುತ್ತೇನೆ. ಉಪ್ಪುನೀರಿನ ಸಾಲನ್ನು ಮಾತ್ರ ಸದ್ಯಕ್ಕೆ ಹೊಡೆದು ಹಾಕುವುದಿಲ್ಲ.